ನೀರಿನೊಳಗೆ ಕರೆಂಟು ಕಾಯುವ ಕೈಗಳು

ಬೇಸಿಗೆ ಬಂತೆಂದರೆ ಅರಸೀಕೆರೆಯ ರೀವೈಂಡಿಂಗ್ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಉದ್ದನೆಯ ಸ್ಟೀಲ್ ಕೊಳವೆಯಂಥ ಸಬ್‌ಮರ್ಸಿಬಲ್ ಮೋಟರುಗಳು ಆಟೋದಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತವೆ. ಜೊತೆಗೆ ಬಂದವರ ಪ್ರಶ್ನೆ ಒಂದೇ: ‘ಯಾವತ್ತು ಕೊಡ್ತೀರಣ್ಣಾ?’ ಬೇಲೂರಿನ ಕಡೆಗೆ ಯಗಚಿ ನದಿ ಇದೆ, ಅರೆಮಲೆನಾಡಿನ ಮಳೆ ಇದೆ. ಹಳೇಬೀಡಿನಲ್ಲಿ ಹೊಯ್ಸಳರ ಕಾಲದ ದ್ವಾರಸಮುದ್ರ ಕೆರೆ ಇದೆ. ಅಲ್ಲಿಂದ ಜಾವಗಲ್ ದಾಟಿ ಅರಸೀಕೆರೆಯತ್ತ ಬಂದಂತೆಲ್ಲ ನೆಲ ಒಣಗುತ್ತಾ ಹೋಗುತ್ತದೆ. ತೆಂಗಿನ ತೋಟಕ್ಕೆ ಬೋರೇ ಗತಿ. ಆ ಬೋರಿನ ತಳದಲ್ಲಿ ಕರೆಂಟನ್ನೂ ನೀರನ್ನೂ ಒಟ್ಟಿಗೆ ಬಾಳಿಸುವುದು ಈ ಅಂಗಡಿಯವರ ಕಸುಬು.

ಮೋಟರು ವರ್ಷಗಟ್ಟಲೆ ಮುಳುಗಿಯೇ ಇರುತ್ತದಲ್ಲ, ಹನಿ ನೀರೂ ಒಳಗೆ ಹೋಗದಂತೆ ಮುಚ್ಚಿರುತ್ತಾರೆ ಎಂದೇ ಅನೇಕರು ತಿಳಿದಿದ್ದಾರೆ. ರೀವೈಂಡಿಂಗಿಗೆ ಬರುವ ಬೋರ್ ಮೋಟರುಗಳು ಸಾಮಾನ್ಯವಾಗಿ ಹಾಗಲ್ಲ, ಅವುಗಳ ಹೊಟ್ಟೆಯಲ್ಲೂ ನೀರೇ. ಬೋರಿಗೆ ಇಳಿಸುವ ಮುನ್ನ ಪ್ಲಗ್ ಬಿಚ್ಚಿ ಶುದ್ಧ ನೀರು ತುಂಬುತ್ತಾರೆ. ಅಲುಗಾಡಿಸಿ, ಗುಳ್ಳೆ ಬರುವುದು ನಿಂತ ಮೇಲೆ ಮತ್ತಷ್ಟು ಹುಯ್ಯುತ್ತಾರೆ. ವೈಂಡಿಂಗನ್ನು ತಂಪಾಗಿಡುವುದೂ ಈ ನೀರೇ, ಬುಷ್ ಮತ್ತು ಥ್ರಸ್ಟ್ ಬೇರಿಂಗಿಗೆ ಎಣ್ಣೆಯ ಬದಲು ನಿಲ್ಲುವುದೂ ಈ ನೀರೇ. ಮೋಟರಿನ ಮೇಲೆ 300 ಅಡಿ ನೀರು ನಿಂತಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 9 ಕಿಲೋ ಒತ್ತಡ ಬೀಳುತ್ತದೆ. ತಳದಲ್ಲಿರುವ ರಬ್ಬರ್ ಡಯಾಫ್ರಾಮು ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಗಟ್ಟಿಸುವುದರಿಂದ ಕೊಳವೆಯ ಗೋಡೆ ಆ ಭಾರವನ್ನು ಹೊರಬೇಕಾಗಿಯೇ ಇಲ್ಲ.

ರೇಡಿಯೋ ರಿಮೋಟಿನಿಂದ ಓಡುವ ಮಾದರಿ ಸಬ್‌ಮರೀನ್ ಕಟ್ಟುವ ಹವ್ಯಾಸಿಗಳ ದಾರಿ ಇದಕ್ಕೆ ತಿರುಗುಮುರುಗು. ಹಡಗಿನ ಹೊರಮೈಯೊಳಗೆ ನೀರು ಬೇಕಾದಷ್ಟು ಓಡಾಡಲಿ ಎಂದು ಬಿಟ್ಟು, ಬ್ಯಾಟರಿಯನ್ನೂ ರಿಸೀವರನ್ನೂ ರಬ್ಬರ್ ರಿಂಗಿನ ಮುಚ್ಚಳವಿರುವ ಒಳಕೊಳವೆಯೊಂದರಲ್ಲಿ ಭದ್ರಮಾಡುತ್ತಾರೆ. ಬ್ಯಾಟರಿಯೊಳಗೆ ನೀರು ಬಿಡುವಂತಿಲ್ಲ, ಹಾಗಾಗಿ ಅವರಿಗೆ ಬೇರೆ ದಾರಿಯಿಲ್ಲ. ಬೋರಿನ ಮೋಟರಿಗೆ ಕರೆಂಟು ಮೇಲಿನಿಂದ ಕೇಬಲ್ಲಿನಲ್ಲಿ ಇಳಿದು ಬರುತ್ತದೆ. ಅಲ್ಲಿ ಕಾಯಬೇಕಾದದ್ದು ತಂತಿಯ ಮೈಯನ್ನು ಮಾತ್ರ.

ಮುಳುಗುವ ಮೋಟರಿನ ಕಥೆಯಲ್ಲಿ ಎಣ್ಣೆಬಾವಿಗಳಿಗೂ ಪಾಲಿದೆ. ಟಿಫ್ಲಿಸ್‌ನಲ್ಲಿ ಹುಟ್ಟಿದ ಅರ್ಮಾಯಿಸ್ ಅರುತ್ಯುನೋವ್ 1911ರಲ್ಲಿ ಕಂಪನಿ ಕಟ್ಟಿ, ಮುಂದೆ ಅಮೆರಿಕಕ್ಕೆ ಹೋಗಿ ಅಲ್ಲಿನ ತೈಲಬಾವಿಗಳಿಗೆ ಇಂಥ ಪಂಪುಗಳನ್ನು ಇಳಿಸಿದರು. ನಮ್ಮ ದೇಶದಲ್ಲಿ ಪಂಪು ತಯಾರಿಕೆ ಎಂದರೆ ಕೊಯಮತ್ತೂರಿನದೇ ದೊಡ್ಡ ಹೆಸರು. ಆದರೆ ಕೆಟ್ಟ ಮೋಟರಿಗೆ ಮರುಜೀವ ಬರುವುದು ನಮ್ಮ ಪೇಟೆಯ ಬೀದಿಗಳಲ್ಲೇ.

ಮೇಲೆ ಇಡುವ ಮೋಟರುಗಳಿಗೆ ವಾರ್ನಿಷ್ ಬಳಿದ ತಾಮ್ರದ ತಂತಿ ಸಾಕು. ನೀರಿನಲ್ಲಿ ಅದು ಬಾಳದು. ಇಲ್ಲಿ ಬೇಕಾದದ್ದು ಮೈತುಂಬ ಪಿವಿಸಿ ಅಥವಾ ಪಾಲಿ ಹೊದಿಕೆಯ ತಂತಿ. ಕಾಯಿಲನ್ನು ಮೊದಲೇ ಸುತ್ತಿಟ್ಟು ಸ್ಟೇಟರಿನ ಸ್ಲಾಟಿಗೆ ಕೂರಿಸಲಾಗದು. ಒಂದು ಸ್ಲಾಟಿನಲ್ಲಿ ತೂರಿಸಿ, ಆಚೆ ತುದಿಯಲ್ಲಿ ಎಳೆದುಕೊಂಡು, ಇನ್ನೊಂದರಲ್ಲಿ ಹಿಂದಕ್ಕೆ ಕಳುಹಿಸಬೇಕು. ಹೀಗೆ ಹೂ ಪೋಣಿಸಿದಂತೆ ಒಂದೇ ತಂತಿ, ನಡುವೆ ಗಂಟಿಲ್ಲದೆ ಸಾಗುತ್ತದೆ. ಎಳೆಯುವಾಗ ಸ್ಲಾಟಿನ ಅಂಚಿಗೆ ತಾಗಿ ಕೂದಲೆಳೆಯಷ್ಟು ಗೀರು ಬಿದ್ದರೂ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಗಂಟೆಗಟ್ಟಲೆ ಅವಸರವಿಲ್ಲದೆ ಕೂತು ಮಾಡುವ ಈ ಕೆಲಸಕ್ಕೆ ನಾವು ಕೊಡುವ ಗೌರವ ಕಡಿಮೆಯಾಯಿತು ಎಂದೇ ನನ್ನ ಅನಿಸಿಕೆ.

ಹಳೆಯ ವೈಂಡಿಂಗನ್ನು ಬಿಚ್ಚುವಾಗಲೇ ಪಳಗಿದವರು ರೋಗ ಹಿಡಿಯುತ್ತಾರೆ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಎರಡು ಫೇಸಿನ ಕಾಯಿಲ್ ಸುಟ್ಟು ಒಂದು ಮಾತ್ರ ಹಾಗೇ ಉಳಿದಿದ್ದರೆ, ಓಡುತ್ತಿದ್ದಾಗ ಒಂದು ಫೇಸ್ ಹೋಗಿದೆ ಎಂದರ್ಥ. ಮೂರೂ ಒಂದೇ ಸಮ ಸುಟ್ಟಿದ್ದರೆ ವೋಲ್ಟೇಜ್ ಬಿದ್ದಿರಬೇಕು, ಇಲ್ಲವೇ ಭಾರ ಹೆಚ್ಚಾಗಿರಬೇಕು. ಥ್ರಸ್ಟ್ ಬೇರಿಂಗ್ ಸವೆದು ಕರಕಲಾಗಿದ್ದರೆ ಬೋರಿನಲ್ಲಿ ನೀರು ಕೆಳಗಿಳಿದು ಮೋಟರ್ ಒಣಗಿ ಓಡಿದೆಯೇ ಎಂದು ಮೊದಲು ಕೇಳುತ್ತಾರೆ. ರಾತ್ರಿ ಕರೆಂಟು ಬಂದಾಗ ತಾನೇ ಓಡಲಿ ಎಂದು ಆಟೋ ಸ್ಟಾರ್ಟರ್ ಹಾಕಿ ಮಲಗುವವರು, ಫೇಸ್ ತಪ್ಪಿದರೆ ನಿಲ್ಲಿಸುವ ಪ್ರಿವೆಂಟರನ್ನೂ ನೀರು ತೀರಿದರೆ ನಿಲ್ಲಿಸುವ ರಿಲೇಯನ್ನೂ ಹಾಕಿಸಲೇಬೇಕು.

ಎಲ್ಲಕ್ಕಿಂತ ನಾಜೂಕಾದದ್ದು ಕೇಬಲ್ ಜಾಯಿಂಟು. ಮೋಟರಿನಿಂದ ಬರುವ ತುಂಡು ಕೇಬಲ್ಲನ್ನು ಬೋರಿನ ಉದ್ದ ಕೇಬಲ್ಲಿಗೆ ಸೇರಿಸುವ ಜಾಗವೂ ನೀರಿನಲ್ಲೇ ಇರುತ್ತದೆ. ಮೂರು ಎಳೆಗಳನ್ನು ಒಂದೇ ಅಳತೆಗೆ ಕತ್ತರಿಸದೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾರೆ, ಒಂದರ ಗಂಟು ಇನ್ನೊಂದರ ಪಕ್ಕಕ್ಕೆ ಬರಬಾರದು. ತಾಮ್ರವನ್ನು ಉಜ್ಜಿ ಹೊಳಪು ಬರಿಸಿ ಹೆಣೆದು, ರಬ್ಬರ್ ಟೇಪನ್ನು ಎಳೆದೆಳೆದು ಅರ್ಧದ ಮೇಲೆ ಅರ್ಧ ಬರುವಂತೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಬೆವರಿದ ಕೈಯಲ್ಲಿ ಮುಟ್ಟುವಂತಿಲ್ಲ. ಆಮೇಲೆ ಗಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಮೆಗ್ಗರ್ ಹಿಡಿಯುತ್ತಾರೆ. ಇಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಬೆಲೆ ತೆರುವುದು, ನೂರಾರು ಅಡಿ ಪೈಪನ್ನು ಮತ್ತೆ ಮೇಲೆತ್ತಿಸಬೇಕಾದ ರೈತ.

ಒಳಗೆಲ್ಲ ರಾಳ ಎರೆದು ಶಾಶ್ವತವಾಗಿ ಮುಚ್ಚಿದ ಮೋಟರುಗಳೂ ಪೇಟೆಯಲ್ಲಿವೆ. ಅವು ಚೆನ್ನಾಗಿಯೇ ಓಡುತ್ತವೆ, ಆದರೆ ವೈಂಡಿಂಗ್ ಸುಟ್ಟರೆ ಊರಿನಲ್ಲಿ ಬಿಚ್ಚಿ ಕಟ್ಟುವಂತಿಲ್ಲ. ನೀರು ತುಂಬುವ ಮೋಟರನ್ನು ಮತ್ತೆ ಮತ್ತೆ ಬಿಚ್ಚಬಹುದು. ಬೋರನ್ನೇ ನೆಚ್ಚಿದ ತಾಲ್ಲೂಕಿಗೆ ಎರಡನೆಯದೇ ಒಗ್ಗುವಂಥದ್ದು, ಹತ್ತಿರದಲ್ಲಿ ಒಳ್ಳೆಯ ಕೈಗಳಿರುವವರೆಗೆ. ಐಟಿಐ ಮುಗಿಸಿದ ಹುಡುಗರು ಒಂದೆರಡು ಬೇಸಿಗೆ ಇಂಥ ಅಂಗಡಿಯಲ್ಲಿ ಕೂತು ಕಲಿಯುವಂತಾಗಬೇಕು.

ಮೋಟರು ವಾಪಸ್ ತರಲು ಹೋದಾಗ ಸುಟ್ಟ ಕಾಯಿಲನ್ನು ತೋರಿಸಿ ಎಂದು ಕೇಳಿ, ಯಾವ ತಂತಿ ಹಾಕಿದ್ದಾರೆಂದು ವಿಚಾರಿಸಿ, ನಿಮ್ಮ ಎದುರಿಗೇ ಮೆಗ್ಗರ್ ಹಿಡಿಸಿ. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಎಷ್ಟೇ ಅವಸರವಿದ್ದರೂ ಬೋರಿಗೆ ಇಳಿಸಬೇಡಿ.