ಪರದೆಯ ಮೇಲೆ ಇಲ್ಲದ ಆಟಗಳು

(ನಮ್ಮ ಕೂಟದ ಯುಗಾದಿ ಸಮಾರಂಭದಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಸ್ವೀಡನ್ನಿನ ದೀರ್ಘ ಚಳಿಗಾಲದಲ್ಲಿ ನಮ್ಮವರನ್ನು ಕಾಡುವ ಡಿ ಜೀವಸತ್ವದ ಕೊರತೆ ಕುರಿತು ಮಾತನಾಡುತ್ತಾನೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯ ವಿಡಿಯೋ ಆಟ. ಅದರಲ್ಲಿಯೂ ಅಭಿಮಾನಿಗಳು ಬಯಸುತ್ತಿದ್ದು ಇನ್ನೂ ಯಾರೂ ಮಾಡಿಕೊಡದಿರುವ ಕ್ರೀಡಾ ಆಟಗಳು. ಇದು ಮಕ್ಕಳ ವಿಷಯವೆಂದು ಹಿರಿಯರು ನಗಬಾರದೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಒಬ್ಬ ಮಗುವೇ ಹೌದು. ಅದಕ್ಕೆ ಉತ್ತರ ಹುಡುಕಲು ನನಗೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಪುತ್ತೂರಿನ ಕಡೆಯಲ್ಲಿ ಬೆಳೆದು, ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ತಜ್ಞ ತರಬೇತಿಗೆಂದು ಈ ದೇಶಕ್ಕೆ ಬಂದವನು ನಾನು. ಮಗ ಹುಟ್ಟಿದ್ದು ಇಲ್ಲಿಯೇ. 2008ರ ಚಳಿಗಾಲದ ಒಂದು ಸಂಜೆ, ಆಗ ಎಂಟು ವರ್ಷದವನಾಗಿದ್ದ ಅವನು ಗೆಳೆಯನೊಡನೆ ಪ್ಲೇಸ್ಟೇಷನ್‌ನಲ್ಲಿ ಐಸ್ ಹಾಕಿ ಆಡುತ್ತಿದ್ದ. ಆಟದ ನಡುವೆ ಕೇಳಿದ: "ಅಪ್ಪಾ, ನೀನು ಚಿಕ್ಕವನಿದ್ದಾಗ ಏನು ಆಡುತ್ತಿದ್ದೆ?" ಕಬಡ್ಡಿ, ಲಗೋರಿ, ಕುಟ್ಟಿದೊಣ್ಣೆ ಎಂದೆ. ಬಯಲುಸೀಮೆಯವರು ಚಿನ್ನಿದಾಂಡು ಎನ್ನುವುದನ್ನೇ ನಮ್ಮ ತುಳುನಾಡಿನಲ್ಲಿ ಕುಟ್ಟಿದೊಣ್ಣೆ ಎನ್ನುತ್ತಾರೆ. "ಅವುಗಳ ಗೇಮ್ ಇದೆಯಾ?" ಎಂದ. ಇಲ್ಲವೆಂದೆ. "ಹಾಗಾದರೆ ಅವು ನಿಜವಾದ ಆಟಗಳಲ್ಲ, ಅಲ್ಲವಾ?" ಎಂದು ಕೇಳಿ ಮತ್ತೆ ಪರದೆಯ ಕಡೆ ತಿರುಗಿದ. ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಅವನ ಲೋಕದಲ್ಲಿ ಫುಟ್‌ಬಾಲ್, ಟೆನ್ನಿಸ್, ಹಾಕಿ, ಗಾಲ್ಫ್ ಎಲ್ಲಕ್ಕೂ ಪರದೆಯ ಮೇಲೊಂದು ರೂಪವಿತ್ತು. ರೂಪವಿಲ್ಲದ್ದು ಅವನ ಪಾಲಿಗೆ ಇರಲೇ ಇಲ್ಲ.

ಹಾಗಾದರೆ ಕೆಲವು ಕ್ರೀಡೆಗಳಿಗೆ ಪರದೆಯ ರೂಪ ದೊರೆತು ಇನ್ನು ಕೆಲವಕ್ಕೆ ದೊರೆಯದಿರಲು ಕಾರಣವೇನು?

ಈ ಬಗೆಯ ಆಟಗಳ ಆರಂಭದ ಚರಿತ್ರೆಯಲ್ಲಿಯೇ ಕ್ರೀಡೆ ಇದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಸಂದರ್ಶಕರ ಮನರಂಜನೆಗೆಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನ್ನಿಸ್ ಆಟವೊಂದನ್ನು ಮೂಡಿಸಿದ. 1972ರಲ್ಲಿ ಅಟಾರಿ ಸಂಸ್ಥೆಯ ಪಾಂಗ್ ಬಂದಿತು. ಅದೂ ಒಂದು ಬಗೆಯ ಟೇಬಲ್ ಟೆನ್ನಿಸ್. ಎರಡು ಗೆರೆ, ಒಂದು ಚುಕ್ಕೆ, ಚೆಂಡು ತಪ್ಪಿದರೆ ಒಂದು ಅಂಕ. ಯಂತ್ರಕ್ಕೆ ಸುಲಭವಾಗಿ ಒಗ್ಗುವ ಕ್ರೀಡೆಯೇ ಮೊದಲು ಪರದೆಗೆ ಏರಿತು.

ಆಟದ ಆಕಾರ ಯಂತ್ರದ ಶಕ್ತಿಗೆ ಹೊಂದಬೇಕೆಂಬುದೇ ಮೊದಲನೆಯ ಕಾರಣ. ಇಲ್ಲಿನ ಹಲವು ಮನೆಗಳ ಅಟ್ಟದಲ್ಲಿ ಇಂದಿಗೂ ಕುಳಿತಿರುವ ಎಂಟು ಬಿಟ್ಟಿನ ನಿಂಟೆಂಡೋ ಪೆಟ್ಟಿಗೆಯನ್ನು ನೆನೆಯಿರಿ. ಕುಂಗ್ಸ್‌ಬಾಕ್ಕಾ ಊರಿನ ಬರ್ಗ್‌ಸಾಲಾ ಸಂಸ್ಥೆ ಅದನ್ನು 1986ರಲ್ಲಿ ಸ್ವೀಡನ್ನಿಗೆ ತಂದಿತು. ಆ ಯಂತ್ರವು ಪರದೆಯ ಒಂದು ಅಡ್ಡಗೆರೆಯ ಮೇಲೆ ಎಂಟು ಚಲಿಸುವ ಚಿತ್ರತುಣುಕುಗಳನ್ನು ಮಾತ್ರ ತೋರಿಸಬಲ್ಲದು. ಒಬ್ಬ ಆಟಗಾರನ ಅಗಲಕ್ಕೆ ಸಾಮಾನ್ಯವಾಗಿ ಎರಡು ತುಣುಕು ಬೇಕಾದ್ದರಿಂದ ಒಂದೇ ಸಾಲಿನಲ್ಲಿ ನಾಲ್ವರು ನಿಂತರೆ ಲೆಕ್ಕ ಮುಗಿಯಿತು. ಐದನೆಯವನು ಬಂದರೆ ಚಿತ್ರ ಮಿನುಗಿ ಮಾಯವಾಗುತ್ತದೆ. ಈಗ ಕಬಡ್ಡಿಯನ್ನು ಊಹಿಸಿಕೊಳ್ಳಿ. ಏಳು ಮಂದಿ ಕೈಕೈ ಹಿಡಿದು ಸಾಲುಗಟ್ಟಿ ನಿಲ್ಲುತ್ತಾರೆ, ಎಂಟನೆಯವನು ದಾಳಿಗೆ ಬರುತ್ತಾನೆ. ಆ ಯಂತ್ರದಲ್ಲಿ ನಮ್ಮ ಅರ್ಧ ತಂಡ ಕಣ್ಣುಮುಚ್ಚಾಲೆ ಆಡಬೇಕಾಗುತ್ತಿತ್ತು! ಇಂದಿನ ಯಂತ್ರಗಳಿಗೆ ಈ ಅಡಚಣೆ ಇಲ್ಲ.

ಎರಡನೆಯ ಕಾರಣ ಮಾರುಕಟ್ಟೆ. 1990ರ ದಶಕದ ನಡುವಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ತನ್ನ ಅಮೆರಿಕನ್ ಹಾಕಿ ಆಟವನ್ನೇ ಮಾರ್ಪಡಿಸಿ, ಎಲಿಟ್‌ಸೇರಿಯನ್ 95 ಮತ್ತು ಎಲಿಟ್‌ಸೇರಿಯನ್ 96 ಎಂಬ ಹೆಸರಿನಲ್ಲಿ ಸ್ವೀಡಿಷ್ ತಂಡಗಳುಳ್ಳ ಕಾರ್ಟ್ರಿಜ್‌ಗಳನ್ನು ಮೆಗಾಡ್ರೈವ್ ಯಂತ್ರಕ್ಕೆ ಹೊರತಂದಿತು. ಆಗ ಈ ದೇಶದ ಜನಸಂಖ್ಯೆ 90 ಲಕ್ಷವನ್ನೂ ಮುಟ್ಟಿರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಆರು ಕೋಟಿಯನ್ನು ದಾಟಿತ್ತು. ಆದರೆ ಬೇಕಾದುದು ತಲೆಗಳ ಎಣಿಕೆಯಲ್ಲ. ಯಂತ್ರ ಕೊಂಡ ಮನೆಗಳು ಮತ್ತು ನಮಗೆ ಇದು ಬೇಕೆಂದು ಕೇಳುವ ದನಿಗಳು. ಸ್ವೀಡನ್ನಿನಲ್ಲೂ ಎಲ್ಲ ಕ್ರೀಡೆಗೆ ಈ ಭಾಗ್ಯ ಒದಗಲಿಲ್ಲ. ಫುಟ್‌ಬಾಲ್ ಮೈದಾನದಷ್ಟೇ ದೊಡ್ಡ ಹಿಮಗಡ್ಡೆಯ ಮೇಲೆ ಹನ್ನೊಂದು ಮಂದಿ ಆಡುವ ಬ್ಯಾಂಡಿ ಇಲ್ಲಿಯ ಹಳೆಯ ಪ್ರೀತಿಯ ಆಟ. ಐಸ್ ಹಾಕಿಗೆ ದೊರೆತಂತಹ ಸರಣಿ ಅದಕ್ಕೆ ದೊರೆಯಲಿಲ್ಲ. ಮಗನ ಆ ಗೆಳೆಯನ ತಂದೆ ಬ್ಯಾಂಡಿಯ ಅಭಿಮಾನಿ. ನನ್ನ ದುಃಖವನ್ನು ತೋಡಿಕೊಂಡಾಗ ಅವರು ನಕ್ಕು, "ಬನ್ನಿ, ನಾವಿಬ್ಬರೂ ಒಂದೇ ದೋಣಿಯವರು" ಎಂದರು.

ಮೂರನೆಯದು ಹಕ್ಕುಗಳ ಪ್ರಶ್ನೆ. ತಂಡದ ಹೆಸರು, ಲಾಂಛನ, ಆಟಗಾರನ ಮುಖ ಎಲ್ಲವೂ ಯಾರದೋ ಸ್ವತ್ತು. 2004ರ ಕೊನೆಯಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ತನ್ನ ಹಕ್ಕನ್ನು ಒಂದೇ ಸಂಸ್ಥೆಗೆ ಕೊಟ್ಟಿತು. ಅದರೊಂದಿಗೆ ಪ್ರತಿಸ್ಪರ್ಧಿ ಸಂಸ್ಥೆಯ ಜನಪ್ರಿಯ ಸರಣಿ ನಿಂತುಹೋಯಿತು. ಅದರ ಮುಂದಿನ ಕಂತು ಬೇಕೆಂದು ಹಂಬಲಿಸುವವರು ಇಂದಿಗೂ ಇದ್ದಾರೆ. ಅಲ್ಲಿನ ಕಾಲೇಜು ಫುಟ್‌ಬಾಲಿನ ಆಟವು ವಿದ್ಯಾರ್ಥಿ ಆಟಗಾರರ ಹಕ್ಕಿನ ವ್ಯಾಜ್ಯದಿಂದಾಗಿ 2013ರ ಬಳಿಕ ನಿಂತು, 2024ರಲ್ಲಿ ಮರಳಿ ಬಂದಿತು. ಅಭಿಮಾನಿಗಳು ಹನ್ನೊಂದು ವರ್ಷ ಕಾದರು. ಕೆಲವು ಬಯಕೆಗಳು ಈಡೇರುವುದೂ ಉಂಟು. ಫಿಫಾ ಸರಣಿಯಲ್ಲಿ ಮಹಿಳಾ ತಂಡಗಳು ಮೊದಲು ಕಾಣಿಸಿಕೊಂಡದ್ದು 2015ರಲ್ಲಿ. ಆಗ ಸೇರಿದ ಹನ್ನೆರಡು ರಾಷ್ಟ್ರಗಳಲ್ಲಿ ಸ್ವೀಡನ್ನೂ ಒಂದು. ನಮ್ಮ ಕೂಟದ ಹೆಣ್ಣುಮಕ್ಕಳು ಅಂದು ಪಟ್ಟ ಸಂತೋಷ ಕೆಲವರಿಗಾದರೂ ನೆನಪಿರಬಹುದು.

ನಮ್ಮ ಕ್ರಿಕೆಟ್ಟಿನ ಕಥೆಯೂ ಹೀಗೆಯೇ. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 2006ರಲ್ಲಿ ಕ್ರಿಕೆಟ್ 07 ಹೊರತಂದ ಮೇಲೆ ಆ ಸರಣಿಯನ್ನು ಕೈಬಿಟ್ಟಿತು. ಭಾರತದ ಹುಡುಗರು ಮಾತ್ರ ಅದನ್ನು ಬಿಡಲಿಲ್ಲ. ಹೊಸ ತಂಡ, ಹೊಸ ಅಂಗಿ, ಹೊಸ ಮೈದಾನಗಳನ್ನು ತಾವೇ ಸೇರಿಸಿಕೊಂಡು ವರ್ಷಾನುಗಟ್ಟಲೆ ಆಡಿದರು. ಮುಂದೆ ಆಸ್ಟ್ರೇಲಿಯದ ಬಿಗ್ ಆಂಟ್ ಸಂಸ್ಥೆ ಆ ಕೊರತೆಯನ್ನು ಒಂದಷ್ಟು ತುಂಬಿತು.

ಹಳ್ಳಿಯ ಆಟಗಳನ್ನು ಯಾರೂ ನೆನೆಯಲೇ ಇಲ್ಲವೆಂದೂ ಹೇಳಲಾಗದು. 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆ ಪ್ಲೇಸ್ಟೇಷನ್ 2ಕ್ಕಾಗಿ ದೇಸಿ ಅಡ್ಡಾ ಎಂಬ ಆಟಗಳ ಗೊಂಚಲನ್ನು ಮಾಡಿತು. ಅದರಲ್ಲಿ ಕಬಡ್ಡಿಯೂ ಚಿನ್ನಿದಾಂಡೂ ಇದ್ದವು. ಮಗ ಪ್ರಶ್ನೆ ಕೇಳಿದ ಮರುವರ್ಷವೇ ಬಂದ ಈ ಆಟದ ಸುದ್ದಿ ನನಗೆ ತಿಳಿದದ್ದು ಬಹುಕಾಲದ ನಂತರ. ಅಷ್ಟರಲ್ಲಿ ಅವನ ಮೀಸೆ ಮೂಡಿತ್ತು.

ಇನ್ನು ನನ್ನ ಬಯಕೆಯ ಆಟಗಳನ್ನು ಹೇಳುತ್ತೇನೆ. ಮೊದಲನೆಯದು ಕಬಡ್ಡಿ. ವೈದ್ಯನಾಗಿ ನನಗೆ ಆ ಆಟದ ಜೀವ ಕಾಣುವುದು ಉಸಿರಿನಲ್ಲಿ. ದಾಳಿಗಾರ ಒಂದೇ ಉಸಿರನ್ನು ಧ್ವನಿತಂತುಗಳ ಮೂಲಕ ಅಳೆದಳೆದು ಹೊರಬಿಡುತ್ತ "ಕಬಡ್ಡಿ, ಕಬಡ್ಡಿ" ಎನ್ನಬೇಕು. ಅದೇ ಹೊತ್ತಿಗೆ ಓಡುವ ಸ್ನಾಯುಗಳು ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೆ ಸೇರಿಸುತ್ತಿರುತ್ತವೆ. ಉಸಿರು ಎಳೆದುಕೊಳ್ಳಬೇಕೆಂಬ ತಡೆಯಲಾರದ ತವಕ ಹುಟ್ಟುವುದು ಮುಖ್ಯವಾಗಿ ಈ ಅನಿಲದ ಏರಿಕೆಯಿಂದ, ಆಮ್ಲಜನಕದ ಕೊರತೆಯಿಂದಲ್ಲ. ಗುಂಡಿ ಒತ್ತುವ ಯಂತ್ರದಲ್ಲಿ ಇದನ್ನು ತರುವುದು ಹೇಗೆ? ಉಪಾಯ ಯಂತ್ರದಲ್ಲಿಯೇ ಇತ್ತು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ಎರಡನೆಯ ಹಿಡಿಕೆಯಲ್ಲಿ ಮೈಕ್ರೋಫೋನ್ ಇತ್ತು. ಯುರೋಪಿಗೆ ಬಂದ ರೂಪದಲ್ಲಿ ಅದನ್ನು ತೆಗೆದುಹಾಕಿದ್ದರು. 2004ರ ನಿಂಟೆಂಡೋ ಡಿಎಸ್ ಎಂಬ ಕೈಯಂತ್ರದಲ್ಲಿ ಅದು ಮತ್ತೆ ಬಂದಿತು. ಆಡುವ ಮಗು ನಿಜವಾಗಿಯೇ "ಕಬಡ್ಡಿ" ಎನ್ನುತ್ತಿರಬೇಕು. ದನಿ ನಿಂತರೆ ಪರದೆಯ ದಾಳಿಗಾರ ಔಟಾಗಬೇಕು. ಮೂವತ್ತು ಸೆಕೆಂಡಿನ ದಾಳಿಗೆ ಇದಕ್ಕಿಂತ ತಕ್ಕ ಸಾಧನ ಬೇರೆ ಯಾವುದು?

ಎರಡನೆಯದು ಕಂಬಳ. ಅದರ ಕನೆಹಲಗೆ ವಿಭಾಗದಲ್ಲಿ ಗೆಲ್ಲುವುದು ವೇಗದಿಂದಲ್ಲ. ಕೋಣಗಳ ಹಿಂದಿನ ಹಲಗೆಯ ಮೇಲೆ ಓಟಗಾರ ನಿಂತಿರುತ್ತಾನೆ. ಹಲಗೆಯ ತೂತುಗಳಿಂದ ಚಿಮ್ಮುವ ಕೆಸರುನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆ ಎತ್ತರವನ್ನು ಆರೂವರೆ ಕೋಲು, ಏಳೂವರೆ ಕೋಲು ಎಂದು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಕಾಲಿನ ಒತ್ತಡ, ಕೋಣಗಳ ಓಟ, ನೀರಿನ ಆಳ ಮೂರೂ ಒಂದು ಕ್ಷಣದಲ್ಲಿ ಕೂಡಿಬರಬೇಕು. ಆಟ ರೂಪಿಸುವವನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು. ಪ್ರಾಣಿಹಿಂಸೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ ಕಂಬಳಕ್ಕೆ ಅವಕಾಶ ನೀಡುವ ಕಾನೂನನ್ನು ನ್ಯಾಯಾಲಯ ಎತ್ತಿಹಿಡಿಯಿತು. ಪರದೆಯ ಕೋಣಕ್ಕಂತೂ ಪೆಟ್ಟು ಬೀಳುವುದಿಲ್ಲ. ಕೋಣದ ಆಟವನ್ನು ಯಾರು ಆಡುತ್ತಾರೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಇದೇ ಸ್ವೀಡನ್ನಿನ ಷೋವ್ದೆ ಎಂಬ ಸಣ್ಣ ಊರಿನ ಕಾಫಿ ಸ್ಟೇನ್ ಸಂಸ್ಥೆ 2014ರಲ್ಲಿ ಗೋಟ್ ಸಿಮ್ಯುಲೇಟರ್ ಎಂಬ ಆಟ ಹೊರತಂದಿತು. ಅದರ ನಾಯಕ ಒಂದು ಆಡು! ಲೋಕವೆಲ್ಲ ಅದನ್ನು ಆಡಿತು. ಆಡಿಗೆ ದೊರೆತ ಮರ್ಯಾದೆ ಕೋಣಕ್ಕೇಕೆ ದೊರೆಯಬಾರದು?

ಇಷ್ಟು ಹೇಳಿ ವೈದ್ಯನ ಎಚ್ಚರಿಕೆಯನ್ನು ಮರೆತರೆ ತಪ್ಪಾದೀತು. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ನಿಂಟೆಂಡೋ ವೀ ಯಂತ್ರದಲ್ಲಿ ಗಂಟೆಗಟ್ಟಲೆ ಟೆನ್ನಿಸ್ ಆಡಿದ 29 ವರ್ಷದ ವ್ಯಕ್ತಿಗೆ ಬಲಭುಜದ ಸ್ನಾಯುರಜ್ಜು ಉರಿಯೂತವಾಗಿತ್ತು. ರೋಗಿ ಬೇರೆ ಯಾರೂ ಅಲ್ಲ, ತರಬೇತಿಯಲ್ಲಿದ್ದ ವೈದ್ಯ! ಪರದೆಯ ಕಬಡ್ಡಿ ಅಂಗಳದ ಕಬಡ್ಡಿಗೆ ಬದಲಿಯಲ್ಲ. ಅಂಗಳಕ್ಕೆ ಇಳಿಯುವ ಆಸೆ ಹುಟ್ಟಿಸಿದರೆ ಅದರ ಕೆಲಸ ಮುಗಿಯಿತು.

ಕೊನೆಯದಾಗಿ, ನನಗೆ ತಡವಾಗಿ ಹೊಳೆದ ನಾಲ್ಕನೆಯ ಕಾರಣ. ಯಂತ್ರಕ್ಕೆ ಆಟ ಕಲಿಸಬೇಕಾದರೆ ಅದರ ನಿಯಮಗಳು ಬರಹದಲ್ಲಿರಬೇಕು. ಖೋ-ಖೋ ಆಟಕ್ಕೆ 1914ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನಾದವರು ನಿಯಮಗಳನ್ನು ಬರೆದಿಟ್ಟರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಅದರ ವಿಶ್ವಕಪ್ ನಡೆಯಿತು. ಬರೆದಿಟ್ಟ ಆಟ ದೂರ ಪ್ರಯಾಣ ಮಾಡುತ್ತದೆ. ಬರೆಯದ ಆಟ ಆಡಿದವರೊಂದಿಗೆ ಮುಗಿಯುತ್ತದೆ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಮನೆಗೆ ಬಂದಿದ್ದ ಮಗ, ಈಗ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ತಾನಾಗಿಯೇ ಹೇಳಿದ: "ಅಪ್ಪಾ, ನಿಮ್ಮ ಕುಟ್ಟಿದೊಣ್ಣೆಯ ನಿಯಮ ಬರೆದುಕೊಡು. ಸಣ್ಣದೊಂದು ಗೇಮ್ ಮಾಡಿ ನೋಡುತ್ತೇನೆ." ಹಳೆಯ ಯಂತ್ರಗಳಿಗೆ ಇಂದಿಗೂ ಹವ್ಯಾಸಿಗಳು ಹೊಸ ಆಟ ಬರೆಯುತ್ತಾರೆಂದೂ, 2019ರಲ್ಲಿ ಬರ್ಲಿನ್ನಿನ ಪುಟ್ಟ ತಂಡವೊಂದು ಎಂಟು ಬಿಟ್ಟಿನ ನಿಂಟೆಂಡೋಗೆ ಮೈಕ್ರೋ ಮೇಜಸ್ ಎಂಬ ಆಟವನ್ನು ಕೇವಲ 40 ಕಿಲೋಬೈಟಿನಲ್ಲಿ ಮಾಡಿತೆಂದೂ ವಿವರಿಸಿದ. ನಾನು ಉತ್ಸಾಹದಿಂದ ಬರೆಯಲು ಕುಳಿತೆ. ಕುಳಿ, ಕೋಲು, ಕುಟ್ಟಿ, ಹೊಡೆತ, ಕ್ಯಾಚು ಎಲ್ಲವೂ ಸುಲಲಿತವಾಗಿ ಬಂದವು. ದೂರ ಅಳೆಯುವಾಗ ನಾವು ಎಣಿಸುತ್ತಿದ್ದ ಪದಗಳ ಸಾಲು ಮಾತ್ರ ಮೂರಕ್ಕೇ ನಿಂತುಹೋಯಿತು. ಪುತ್ತೂರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. ಆಕೆ ಇನ್ನೊಂದನ್ನು ನೆನಪಿಸಿಕೊಂಡಳು. "ಪೂರ್ತಿ ಗೊತ್ತಿದ್ದವನು ನಿನ್ನ ಜೊತೆಗಾರನೇ ಮಾರಾಯ, ಅವನು ಹೋಗಿ ಎರಡು ವರ್ಷವಾಯಿತಲ್ಲ" ಎಂದಳು.

ಮಗನ ಕಡತದಲ್ಲಿ ಆ ಜಾಗ ಇನ್ನೂ ಖಾಲಿಯಿದೆ.

ರೋಗಿಯ ವಿವರವನ್ನು ಬರೆದಿಡದ ವೈದ್ಯನನ್ನು ನಾವು ಕ್ಷಮಿಸುವುದಿಲ್ಲ. ನಾನು ನನ್ನ ಬಾಲ್ಯದ ವಿವರವನ್ನೇ ಬರೆದಿಡಲಿಲ್ಲ. ಆದ್ದರಿಂದ ಸಭೆಯಲ್ಲಿರುವ ಹಿರಿಯರಲ್ಲಿ ನನ್ನದೊಂದು ಅರಿಕೆ. ತಾವು ಆಡಿದ ಒಂದೊಂದು ಆಟವನ್ನು ಒಂದೊಂದು ಪುಟದಲ್ಲಿ ಕನ್ನಡದಲ್ಲಿಯೇ ಬರೆದುಕೊಡಿ. ಎಷ್ಟು ಮಂದಿ, ಅಂಗಳ ಎಷ್ಟು ದೊಡ್ಡದು, ಎಣಿಕೆ ಹೇಗೆ, ಔಟಾಗುವುದು ಯಾವಾಗ, ಜಗಳವಾದರೆ ತೀರ್ಪು ಯಾರದು - ಇಷ್ಟು ಸಾಕು. ಈ ಪತ್ರಿಕೆಯ ಸಂಪಾದಕರು ಅವನ್ನು ಅಚ್ಚು ಹಾಕಲು ಒಪ್ಪಿದ್ದಾರೆ. ಆಟ ಮಾಡಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿಯೇ ಬೆಳೆದಿದ್ದಾರೆ. ಅವರು ಕೇಳುವ ಮೊದಲೇ ನಾವು ಬರೆದಿಟ್ಟಿರೋಣ.