ಪ್ರೀತಿ ಬುನಾದಿನಾ? ಮೇಲಿನ ಮಹಡಿನಾ?

ಟಿವಿ ಪರದೆಯನ್ನ ಎರಡು ಕಿಟಕಿ ಮಾಡಿಕೊಳ್ಳಿ. ಎಡಗಡೆ ಮುಂಬೈನ ಸೀಮಾ ತಪಾರಿಯಾ, ಬಲಗಡೆ ನ್ಯೂಯಾರ್ಕ್‌ನ ಎಸ್ತರ್ ಪೆರೆಲ್. ಒಬ್ಬರು ಮದುವೆ ಮಾಡಿಸೋರು. ಇನ್ನೊಬ್ಬರು ಮದುವೆಯಾದವರು ಹೊತ್ತು ತರೋ ಸಂಕಟ ಕೇಳಿಸಿಕೊಳ್ಳೋ ಥೆರಪಿಸ್ಟ್. ಇವತ್ತು ಇಬ್ಬರನ್ನೂ ಎದುರುಬದುರು ಕೂರಿಸೋಣ. ಪ್ರಶ್ನೆ ಒಂದೇ. ಪ್ರೀತಿ ಅನ್ನೋದು ಮದುವೆಯ ಬುನಾದಿನಾ, ಇಲ್ಲ ಮದುವೆ ಆದಮೇಲೆ ಕಟ್ಟಿಕೊಳ್ಳೋ ಮಹಡಿನಾ?

ಮೊದಲು ಎಡಗಡೆ ಕಿಟಕಿ. 2020ರ ಜುಲೈ, ಕೊರೊನಾ ಕಾಲ, ಜನ ಮನೆಯಲ್ಲೇ ಇದ್ದರು. ಆಗ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಇಂಡಿಯನ್ ಮ್ಯಾಚ್‌ಮೇಕಿಂಗ್’ ಶೋ ಸೀಮಾ ತಪಾರಿಯಾರನ್ನ ರಾತ್ರೋರಾತ್ರಿ ‘ಸೀಮಾ ಆಂಟಿ’ ಮಾಡಿಬಿಡ್ತು. ಕೈಯಲ್ಲಿ ಬಯೋಡೇಟಾ ಕಟ್ಟು, ಜೊತೆಗೆ ಜ್ಯೋತಿಷಿ, ಮುಖ ನೋಡಿ ಗುಣ ಹೇಳೋರು. ನಮ್ಮೂರಿನ ವಧು-ವರಾನ್ವೇಷಣೆ ಕೇಂದ್ರಕ್ಕೆ ಹೋಗಿ ಬಂದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆಂಟಿಯ ಸೂತ್ರ ಸರಳ. ನೂರಕ್ಕೆ ನೂರು ಯಾರಿಗೂ ಸಿಗೋದಿಲ್ಲ, ಅರವತ್ತು-ಎಪ್ಪತ್ತು ಪರ್ಸೆಂಟ್ ಸಿಕ್ಕಿದರೆ ಒಪ್ಪಿಕೊಳ್ಳಿ. ಎರಡು ಮನೆಗಳು ಹೊಂದಬೇಕು. ಉಳಿದದ್ದನ್ನ ಹೊಂದಾಣಿಕೆ ನೋಡಿಕೊಳ್ಳುತ್ತೆ, ಪ್ರೀತಿ ನಿಧಾನಕ್ಕೆ ಬೆಳೆಯುತ್ತೆ.

ಈಗ ಬಲಗಡೆ ಕಿಟಕಿ. ಎಸ್ತರ್ ಪೆರೆಲ್ ಹುಟ್ಟಿ ಬೆಳೆದದ್ದು ಬೆಲ್ಜಿಯಂನಲ್ಲಿ. ತಂದೆ-ತಾಯಿ ಹಿಟ್ಲರ್‌ನ ಯಾತನಾ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು. ಜೀವ ಉಳಿಸಿಕೊಳ್ಳೋದು ಬೇರೆ, ಜೀವಂತವಾಗಿ ಇರೋದು ಬೇರೆ ಅನ್ನೋದು ಅವರಿಗೆ ಮನೆಯಲ್ಲೇ ಸಿಕ್ಕ ಪಾಠ. ಅದನ್ನೇ ಅವರು ದಾಂಪತ್ಯಕ್ಕೂ ಅನ್ವಯಿಸ್ತಾರೆ. 2006ರ ‘ಮೇಟಿಂಗ್ ಇನ್ ಕ್ಯಾಪ್ಟಿವಿಟಿ’ ಪುಸ್ತಕದಲ್ಲಿ ಅವರ ವಾದ ಹೀಗಿದೆ: ಪ್ರೀತಿಗೆ ಹತ್ತಿರ ಬೇಕು, ಭರವಸೆ ಬೇಕು. ಆಕರ್ಷಣೆಗೆ ಸ್ವಲ್ಪ ದೂರ ಬೇಕು, ಕುತೂಹಲ ಬೇಕು. ಮನೆ ಸಾಲ, ಮಕ್ಕಳ ಫೀಸು, ದಿನಸಿ ಪಟ್ಟಿ ಎಲ್ಲಾ ಸುಸೂತ್ರವಾಗಿ ನಡೀತಿರೋ ಮನೆಯಲ್ಲೂ ಗಂಡ-ಹೆಂಡತಿ ನಡುವಿನ ಕಿಡಿ ಆರಿಹೋಗಬಹುದು. ಭದ್ರತೆ ಇದ್ದಮಾತ್ರಕ್ಕೆ ಪ್ರೀತಿ ತಾನಾಗೇ ಬೆಳೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂತಾರೆ ಪೆರೆಲ್.

ಹಾಗಾದರೆ ಯಾರು ಸರಿ? ಸಂಶೋಧನೆ ಏನು ಹೇಳುತ್ತೆ ನೋಡೋಣ.

1982ರಲ್ಲಿ ಜೈಪುರದ ಒಂದು ಅಧ್ಯಯನ ಪ್ರಕಟವಾಯ್ತು. ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಐವತ್ತು ಜೋಡಿಗಳನ್ನ ಮಾತಾಡಿಸಿದ್ದರು. ಪ್ರೀತಿಸಿ ಮದುವೆಯಾದವರಲ್ಲಿ ಪ್ರೀತಿಯ ಅಂಕ ವರ್ಷ ಕಳೆದಂತೆ ಇಳಿದಿತ್ತು, ಹಿರಿಯರು ನಿಶ್ಚಯಿಸಿದ ಮದುವೆಗಳಲ್ಲಿ ಏರಿತ್ತು. ಅರೇಂಜ್ಡ್ ಮದುವೆ ಪರ ಇರೋರು ಇವತ್ತಿಗೂ ಇದನ್ನೇ ಹಿಡಿದು ಮಾತಾಡ್ತಾರೆ. ಆದರೆ ಸ್ಯಾಂಪಲ್ ಎಷ್ಟು? ಬರೀ ಐವತ್ತು ಜೋಡಿ. ಇಷ್ಟು ಕಡಿಮೆ ಡೇಟಾ ಇಟ್ಟುಕೊಂಡು ಇಡೀ ದೇಶದ ತೀರ್ಮಾನ ಬರೆದರೆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲೂ ರೆಕಾರ್ಡ್ ಬುಕ್ ವಾಪಸ್ ಬರುತ್ತೆ. 2012ರಲ್ಲಿ ಅಮೆರಿಕದಲ್ಲಿರೋ ಭಾರತೀಯ ಮೂಲದವರ ಮೇಲೆ ಇನ್ನೊಂದು ಅಧ್ಯಯನ ಬಂತು. ಅದೂ ಸಣ್ಣದೇ, 58 ಜನ. ಅದರಲ್ಲಿ ಎರಡೂ ಬಗೆಯ ಮದುವೆಯವರ ಪ್ರೀತಿ, ತೃಪ್ತಿ, ಬದ್ಧತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಅರೇಂಜ್ಡ್, ಲವ್ ಅನ್ನೋ ಲೇಬಲ್ ನೋಡಿ ಫಲಿತಾಂಶ ಹೇಳೋಕೆ ಆಗಲ್ಲ.

ಇನ್ನೂ ಒಂದು ವಿಷಯ ಇದೆ. ಈ ಇಬ್ಬರೂ ಒಂದು ಮಾತಿನಲ್ಲಿ ಒಪ್ಪುತ್ತಾರೆ. ಪೆರೆಲ್ ಹೇಳೋದು ಹೀಗೆ: ಹಿಂದೆ ಇಡೀ ಊರು ಕೊಡ್ತಿದ್ದನ್ನ ನಾವು ಇವತ್ತು ಒಬ್ಬರೇ ಸಂಗಾತಿಯಿಂದ ಕೇಳ್ತಿದ್ದೀವಿ. ಅವರೇ ಗೆಳೆಯ, ಅವರೇ ಪ್ರೇಮಿ, ಅವರೇ ಧೈರ್ಯ ಹೇಳೋರು. ಹತ್ತು ಕಂಬ ಹೊರಬೇಕಾದ ಭಾರವನ್ನ ಒಂದೇ ಕಂಬದ ಮೇಲೆ ಹಾಕಿದರೆ ಅದು ಬಿರುಕು ಬಿಡದೆ ಇರುತ್ತಾ? ಸೀಮಾ ಆಂಟಿಯ ಎಪ್ಪತ್ತು ಪರ್ಸೆಂಟ್ ಲೆಕ್ಕವೂ ಇದೇ ತಾನೇ? ಒಬ್ಬರಿಂದ ಎಲ್ಲಾ ಸಿಗಲ್ಲ ಅಂತ ಇಬ್ಬರೂ ಹೇಳ್ತಿದ್ದಾರೆ.

ಸರಿ, ಎಲ್ಲಾ ಸಿಗಲ್ಲ. ಬಿಟ್ಟುಕೊಡಬೇಕು. ಆದರೆ ಯಾರು ಬಿಟ್ಟುಕೊಡಬೇಕು? ಏನನ್ನ ಬಿಡಬೇಕು ಅಂತ ತೀರ್ಮಾನ ಮಾಡೋರು ಯಾರು?

ಶೋ ಬಂದಾಗ ಎದ್ದ ಟೀಕೆಯೂ ಇದೇ ಜಾಗದ್ದು. ‘ಅಡ್ಜಸ್ಟ್ ಮಾಡ್ಕೋ’ ಅನ್ನೋ ಮಾತು ಹೆಚ್ಚಾಗಿ ಹೆಣ್ಣುಮಕ್ಕಳ ಕಡೆಗೇ ಹೋಗ್ತಿತ್ತು. ಹುಡುಗಿಗೆ ಸ್ವಂತ ಅಭಿಪ್ರಾಯ ಇದ್ದರೆ ಹಠಮಾರಿ, ಹುಡುಗನಿಗಿದ್ದರೆ ಆಯ್ಕೆ. ಬಣ್ಣ, ಎತ್ತರ, ಜಾತಿ ಬಯೋಡೇಟಾದ ಮೇಲಿನ ಸಾಲಿನಲ್ಲೇ ಕೂತಿದ್ದವು. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆಗಳು ಸುಮಾರು 5 ಪರ್ಸೆಂಟ್ ಅಷ್ಟೇ. ಅಂದರೆ ನೂರರಲ್ಲಿ ತೊಂಬತ್ತೈದು ಮದುವೆಗಳಲ್ಲಿ ಹುಡುಕಾಟ ಶುರುವಾಗೋ ಮೊದಲೇ ಬೇಲಿ ಹಾಕಿ ಆಗಿರುತ್ತೆ.

ಈ ಬೇಲಿ ದಾಟಿದವರಿಗೆ ಏನಾಗುತ್ತೆ? ದೂರ ಹೋಗೋದು ಬೇಡ. ನಮ್ಮ ಬೆಳಗಾವಿ ಜಿಲ್ಲೆಯ ಒಬ್ಬ ಯುವತಿ, ಓದಿದವರು, ಉಪನ್ಯಾಸಕಿ, ತಾವೇ ಆಯ್ಕೆ ಮಾಡಿಕೊಂಡವರನ್ನ ಮದುವೆಯಾದರು. ಅಪ್ಪ ಪೊಲೀಸರಿಗೆ ನಾಪತ್ತೆ ದೂರು ಕೊಟ್ಟರು. ‘ನಾನು ನಾಪತ್ತೆ ಆಗಿಲ್ಲ, ಮದುವೆ ಆಗಿದ್ದೀನಿ’ ಅನ್ನೋದನ್ನ ನಂಬಿಸೋಕೆ ಆಕೆ ಸುಪ್ರೀಂ ಕೋರ್ಟ್‌ವರೆಗೂ ಹೋಗಬೇಕಾಯ್ತು. 2021ರ ಫೆಬ್ರವರಿಯಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಒಪ್ಪಿಗೆ ಅಗತ್ಯವಿಲ್ಲ. ಇಂಥ ಪ್ರಕರಣಗಳನ್ನ ಸೂಕ್ಷ್ಮವಾಗಿ ನಿಭಾಯಿಸೋಕೆ ಪೊಲೀಸರಿಗೆ ತರಬೇತಿ ಕೊಡಿ ಅಂತಲೂ ಹೇಳಿತು.

ಈಗ ಎರಡೂ ಕಿಟಕಿಗಳನ್ನ ಮತ್ತೆ ನೋಡಿ. ಒಪ್ಪಿಗೆ ಇದ್ದರೆ ಸೀಮಾ ಆಂಟಿಯ ಹೊಂದಾಣಿಕೆ ನಿಜಕ್ಕೂ ಒಳ್ಳೆ ಬುದ್ಧಿವಾದ. ಒಪ್ಪಿಗೆ ಇಲ್ಲದಿದ್ದರೆ ಅದೇ ಮಾತು ಬಲವಂತ. ಪೆರೆಲ್ ಹೇಳೋ ಕುತೂಹಲ, ಆಕರ್ಷಣೆಯೂ ಅಷ್ಟೇ. ‘ಬೇಡ’ ಅನ್ನೋ ಹಕ್ಕೇ ಇಲ್ಲದ ಹುಡುಗಿಯ ಮುಂದೆ ಅದೊಂದು ಕಥೆಯಾಗಿ ಉಳಿಯುತ್ತೆ.

ಮನೆಯಲ್ಲಿ ಮದುವೆ ಮಾತುಕತೆ ನಡೀತಿದೆಯಾ? ಜಾತಕ ನೋಡಿ, ಸಂಬಳ ವಿಚಾರಿಸಿ, ನಿಮ್ಮಿಷ್ಟ. ಆದರೆ ಅದಕ್ಕೂ ಮೊದಲು ಮಗಳನ್ನ, ಮಗನನ್ನ ಪಕ್ಕಕ್ಕೆ ಕರೆದು, ನೆಂಟರಿಲ್ಲದ ಹೊತ್ತಲ್ಲಿ, ‘ನಿಂಗೆ ಒಪ್ಪಿಗೆನಾ?’ ಅಂತ ಕೇಳಿ. ಉತ್ತರ ‘ಇಲ್ಲ’ ಅಂತ ಬಂದರೆ ಅದನ್ನೂ ಉತ್ತರ ಅಂತಲೇ ತಗೊಳ್ಳಿ.