ಕನ್ನಡಿಯಲ್ಲಿ ನಮ್ಮ ಕಣ್ಣಿನ ಚಲನೆ ಏಕೆ ಕಾಣದು?

ಪ್ರಶ್ನೆ: ಕನ್ನಡಿಯಲ್ಲಿ ನನ್ನ ಎಡಗಣ್ಣಿನಿಂದ ಬಲಗಣ್ಣಿಗೆ ದೃಷ್ಟಿ ಹಾಯಿಸಿದರೆ ಕಣ್ಣುಗುಡ್ಡೆ ಅಲುಗಿದ್ದು ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ಏಕೆ?

ಉತ್ತರ: ಎರ್ಡ್‌ಮನ್ ಮತ್ತು ಡಾಜ್ ಎಂಬ ವಿಜ್ಞಾನಿಗಳು 1898ರಲ್ಲೇ ಇದನ್ನು ದಾಖಲಿಸಿದ್ದರು. ನಮ್ಮ ಅಕ್ಷಿಪಟಲದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಭಾಗ ತೀರಾ ಚಿಕ್ಕದು. ಕೈ ನೀಳವಾಗಿ ಚಾಚಿದಾಗ ಹೆಬ್ಬೆರಳಿನ ಉಗುರು ಮುಚ್ಚುವಷ್ಟು ಜಾಗವನ್ನು ಮಾತ್ರ ಅದು ನಿಚ್ಚಳವಾಗಿ ಹಿಡಿಯಬಲ್ಲದು. ಹಾಗಾಗಿ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಜಿಗಿಯುತ್ತಲೇ ಇರುತ್ತದೆ. ಈ ಸಾಲನ್ನು ಓದುವಾಗಲೂ ನಿಮ್ಮ ಕಣ್ಣು ಜಾರುತ್ತಿಲ್ಲ, ನೆಗೆಯುತ್ತಿದೆ.

ಜಿಗಿತದ ವೇಳೆ ಅಕ್ಷಿಪಟಲದ ಮೇಲೆ ಇಡೀ ನೋಟ ಸರ್ರನೆ ಸರಿದು ಮಸುಕಾಗುತ್ತದೆ. ಅದೆಲ್ಲ ಅರಿವಿಗೆ ಬಂದರೆ ಲೋಕ ಸದಾ ಅಲ್ಲಾಡುತ್ತಲೇ ಇರುತ್ತಿತ್ತು! ಮಿದುಳು ಆ ಕ್ಷಣಕ್ಕೆ ದೃಷ್ಟಿಯ ಸೂಕ್ಷ್ಮತೆಯನ್ನು, ಅದರಲ್ಲೂ ಚಲನೆಯನ್ನು ಗುರುತಿಸುವ ಶಕ್ತಿಯನ್ನು, ತಗ್ಗಿಸಿಬಿಡುತ್ತದೆ. ಹಿಂದೆ ಮುಂದೆ ಬರುವ ಸ್ಪಷ್ಟ ಚಿತ್ರಗಳೂ ನಡುವಿನ ಮಸುಕನ್ನು ಮರೆಮಾಡುತ್ತವೆ.

ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಇದನ್ನೇ ಮಾಡಿ ನೋಡಿ. ಕಣ್ಣು ಹೊರಳುವುದು ಕಾಣುತ್ತದೆ, ಏಕೆಂದರೆ ಪರದೆಗೆ ಚಿತ್ರ ತುಸು ತಡವಾಗಿ ಬರುತ್ತದೆ. ಅಷ್ಟರಲ್ಲಿ ನಿಮ್ಮ ಜಿಗಿತ ಮುಗಿದಿರುತ್ತದೆ.

ಗಡಿಯಾರದತ್ತ ತಟ್ಟನೆ ನೋಡಿದಾಗ ಸೆಕೆಂಡಿನ ಮುಳ್ಳು ಒಮ್ಮೊಮ್ಮೆ ನಿಂತೇಹೋದಂತೆ ಅನಿಸುತ್ತದಲ್ಲವೇ? ಅದಕ್ಕೂ ಈ ಜಿಗಿತವೇ ಕಾರಣ. ಜಿಗಿತದಲ್ಲಿ ಕಳೆದ ಹೊತ್ತನ್ನೂ ಮಿದುಳು ಆಮೇಲೆ ಕಂಡ ಚಿತ್ರದ ಲೆಕ್ಕಕ್ಕೇ ಸೇರಿಸುವುದರಿಂದ ಮೊದಲ ಸೆಕೆಂಡು ಹಿಗ್ಗಿದಂತೆ ಭಾಸವಾಗುತ್ತದೆ.